ತೆಲುಗಿನಲ್ಲಿ ಬಂದ ಅಕ್ಕ-ತಂಗಿಯರು

ಈ ಭಾನುವಾರ ನಾನು ಮಾಡಿದ ಕೆಲಸಗಳು ಇಷ್ಟು: ಹಾಲು ಕಾಸಿದ್ದು, ಅದು ಉಕ್ಕುವವರೆಗೂ ಎದುರಿಗೇ ನಿಂತಿದ್ದು ಉಕ್ಕುವ ಗಳಿಗೆಯಲ್ಲಿ ಮಾತ್ರ ಪೇಪರಿನ ಕಡೆ ತಿರುಗಿದ್ದರಿಂದ ಒಲೆ ಒರೆಸಿದ್ದು, ನಲ್ಲಿ ಬರುವ ದಿನವಾದ್ದರಿಂದ ಡ್ರಮ್ಮು, ಕೊಡ, ಬಕೆಟ್ಟು, ಕಡೆಗೆ ಎರಡು ಪಾತ್ರೆಗಳಿಗೂ ನೀರು ತುಂಬಿಸಿದ್ದು, ಕಾಟನ್ ಸೀರೆಗಳಿಗೆ ಗಂಜಿ ಹಾಕಿದ್ದು, ವಿಮಲಳ ಕನ್ನಡಕದ ಸಡಿಲವಾದ ಕಾಲಿಗೆ ದಾರ ಸುತ್ತಿದ್ದು, ಒಂಬತ್ತನೇ ತರಗತಿಯ ಮಕ್ಕಳು ಸಮಾಸಗಳ ಮೇಲೆ ನಡೆಸಿದ ಹಲ್ಲೆಯನ್ನು ಕೆಂಪು ಮಸಿಯಲ್ಲಿ ದಾಖಲಿಸಿದ್ದು, ಸೊಪ್ಪು ಬಿಡಿಸಿದ್ದು. ಇಷ್ಟನ್ನೂ ಮುಗಿಸಿ ಕೈಯೊರೆಸಿಕೊಂಡು ಕುಳಿತಾಗ ಮಧ್ಯಾಹ್ನ ಎರಡೂವರೆ ದಾಟಿತ್ತು. ಗೋಡೆಯಾಚೆ ಟೀವಿಯ ಸದ್ದು ಕೇಳುತ್ತಿತ್ತು. ಯಾರೂ ನಮ್ಮನ್ನು ಸಿನಿಮಾ ನೋಡಲು ಕರೆಯಲಿಲ್ಲ.

ಕರೆಯದಿರುವುದೂ ಒಂದು ಸಂಗತಿಯೇ ಎಂದು ನೀವು ಕೇಳಬಹುದು. ಶಿಡ್ಲಘಟ್ಟದ ಈ ಬೀದಿಯಲ್ಲಿ ಅದು ಸಂಗತಿಯೇ. ಏಕೆಂದರೆ ಹೋದ ವರ್ಷದ ಅವರೆಕಾಯಿ ಕಾಲದಿಂದ ಮೊನ್ನೆ ಬೇಸಿಗೆಯವರೆಗೆ, ಆ ಒಂದು ಚಿತ್ರ ಯಾವಾಗ ಬಂದರೂ ನಮ್ಮ ಮನೆ ಮಾಲೀಕರಾದ ಮುನಿರತ್ನಮ್ಮನವರು ಕಾಂಪೌಂಡಿನಲ್ಲಿ ನಿಂತು, ಬೀದಿಯ ಕೊನೆಯ ರೇಷ್ಮೆ ರೀಲಿಂಗ್ ಯಂತ್ರದವರಿಗೂ ಕೇಳುವ ಹಾಗೆ, “ಟೀಚರಮ್ಮ, ವಿಮಲಮ್ಮ, ಬನ್ರಮ್ಮ, ನಿಮ್ಮ ಸಿನಿಮಾ ಹಾಕವ್ರೆ” ಎಂದು ಕೂಗುತ್ತಿದ್ದರು.

ನಮ್ಮ ಸಿನಿಮಾ ಎಂದರೆ ನಾವು ತೆಗೆದದ್ದಲ್ಲ, ನಟಿಸಿದ್ದೂ ಅಲ್ಲ. ನಾನು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವವಳು. ನಟನೆಯೇನಿದ್ದರೂ ಇನ್‌ಸ್ಪೆಕ್ಟರು ಬಂದ ದಿನಕ್ಕೆ ಮಾತ್ರ ಸೀಮಿತ. ವಿಮಲ ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಗೂಡಿನಿಂದ ಹೊರಬಂದ ಗಂಡು ಚಿಟ್ಟೆ ಹೆಣ್ಣು ಚಿಟ್ಟೆಗಳನ್ನು ಜೋಡಿ ಮಾಡುವುದು, ಕೆಲವು ಗಂಟೆ ಬಿಟ್ಟು ಬೇರ್ಪಡಿಸುವುದು, ಮೊಟ್ಟೆಯಿಟ್ಟ ಹೆಣ್ಣನ್ನು ಅರೆದು ರೋಗವಿದೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವಳ ನಿತ್ಯಕರ್ಮ. “ಬೆಳಗ್ಗೆ ಮದುವೆ, ಮಧ್ಯಾಹ್ನ ವಿಚ್ಛೇದನ, ಸಂಜೆ ಪೋಸ್ಟ್‌ಮಾರ್ಟಂ” ಎಂದು ತನ್ನ ಕೆಲಸವನ್ನು ಅವಳೇ ವರ್ಣಿಸುವುದುಂಟು. ಸರ್ಕಾರದ ಸಂಬಳ ಪಡೆದು ಇಷ್ಟೊಂದು ಲಗ್ನ ನೆರವೇರಿಸಿದವಳಿಗೆ ತನ್ನ ಲಗ್ನದ ಯೋಚನೆ ಏಕೆ ಬರಲಿಲ್ಲವೆಂದು ಅವಳ ಕಚೇರಿಯವರು ಮೊದಮೊದಲು ಕೇಳುತ್ತಿದ್ದರಂತೆ. ತಲೆಗೂದಲು ನರೆತ ಮೇಲೆ ಆ ಪ್ರಶ್ನೆಯೂ ನಿವೃತ್ತಿ ಪಡೆಯಿತು.

ಮುನಿರತ್ನಮ್ಮನವರ ಮನೆಯ ಹಿಂದಿನ ಪೋರ್ಷನ್ನಿನಲ್ಲಿ ನಾವಿಬ್ಬರೂ ಹನ್ನೆರಡು ವರ್ಷದಿಂದ ಇದ್ದೇವೆ. ನಾನು ಉದ್ದ, ಕಪ್ಪು, ಎಲುಬು. ಅವಳು ಕುಳ್ಳಿ, ಬಿಳುಪು, ದುಂಡು. ಒಂದೇ ಬಸಿರಿನಿಂದ ಬಂದವರೆಂದು ಯಾರೂ ನಂಬಲಾರದ ಈ ಜೋಡಿಯನ್ನು ಬೀದಿ ಬಹಳ ಬೇಗ ‘ಅಕ್ಕ-ತಂಗಿ ಥರ’ ಎಂದು ತೀರ್ಮಾನಿಸಿತು. ಕಾಲಕ್ರಮದಲ್ಲಿ ಆ ‘ಥರ’ವೂ ಉದುರಿ ಬರೀ ಅಕ್ಕ-ತಂಗಿಯಾದೆವು. ನಾವು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ಬಾಡಿಗೆ ಮನೆಯ ಜತೆಗೆ ಬಿಟ್ಟಿಯಾಗಿ ಸಿಕ್ಕಿದ ಸಂಬಂಧವನ್ನು ಯಾರು ಬೇಡವೆನ್ನುತ್ತಾರೆ?

ಇನ್ನು ಆ ಚಿತ್ರದ ವಿಷಯ. ನಿಮಗೆ ಗೊತ್ತಿರಬಹುದು, ನಮ್ಮ ಕನ್ನಡದಲ್ಲಿ ಹೊರಗಿನ ಚಿತ್ರಗಳಿಗೆ ಮಾತು ಕೂರಿಸಿ, ಅಂದರೆ ಡಬ್ ಮಾಡಿ, ತೋರಿಸುವ ಪದ್ಧತಿ ಇನ್ನೂ ಬಂದಿಲ್ಲ. ನಮ್ಮವರು ಅದಕ್ಕೆ ಒಪ್ಪುವುದಿಲ್ಲ. ಆದ್ದರಿಂದ ಜಗತ್ತು ನಮ್ಮ ಸೀಮೆಗೆ ತೆಲುಗಿನ ಮೂಲಕವೇ ಬರುತ್ತದೆ. ಅರ್ಧ ಊರಿಗೆ ಮನೆಮಾತೇ ತೆಲುಗಾದ್ದರಿಂದ ಯಾರಿಗೂ ತೊಂದರೆಯಿಲ್ಲ. ಮನುಷ್ಯರನ್ನು ನುಂಗುವ ಹೆಬ್ಬಾವುಗಳು, ಅನ್ಯಗ್ರಹದ ಹಸಿರು ಪ್ರಾಣಿಗಳು, ಮುಳುಗುವ ಹಡಗಿನ ಕಪ್ತಾನರು, ಎಲ್ಲರೂ ಅಸ್ಖಲಿತ ತೆಲುಗಿನಲ್ಲಿ ಆಣೆ ಪ್ರಮಾಣ ಮಾಡುವುದನ್ನು ನಾವು ಕೇಳಿದ್ದೇವೆ. ಸಮುದ್ರದಾಚೆಯ ಕಂಪನಿಗಳು ಒಂದೇ ಸರಕನ್ನು ನೂರು ದೇಶಕ್ಕೆ ಮಾರುವಾಗ ಆಯಾ ಸೀಮೆಯ ನಾಲಗೆಗೆ ತಕ್ಕ ಖಾರ ಬೆರೆಸುತ್ತವೆ. ಎಲ್ಲೋ ಒಂದು ಕೋಣೆಯಲ್ಲಿ ಕಿವಿಗೆ ಯಂತ್ರ ಹಾಕಿಕೊಂಡು ಕೂತವನು ಪರದೇಶದ ತುಟಿ ತೆರೆದಾಗ ನಮ್ಮ ಸೀಮೆಯ ಮಾತು ತುಂಬುತ್ತಾನೆ. ಯಾವ ತುಟಿಗೆ ಯಾವ ಮಾತು ಎಂಬುದು ಅವನ ಚಿತ್ತ, ಅವನ ಮೇಲಿನವರ ಲಾಭ.

ಅವರೆಕಾಯಿ ಕಾಲದ ಭಾನುವಾರಗಳಲ್ಲಿ ಮುನಿರತ್ನಮ್ಮನವರ ನಡುಮನೆ ಒಂದು ಸಣ್ಣ ಕಾರ್ಖಾನೆಯಾಗುತ್ತದೆ. ಬೀದಿಯ ಹೆಂಗಸರೆಲ್ಲ ನೆನೆಸಿದ ಕಾಳಿನ ಬೋಗುಣಿಯೊಂದಿಗೆ ಬಂದು, ಹಿದುಕಿದ ಬೇಳೆಗೆಂದು ಸಿಪ್ಪೆ ಬಿಡಿಸುತ್ತಾ ಟೀವಿ ನೋಡುತ್ತಾರೆ. ಬೆರಳು ಹಿಸುಕುತ್ತಿದ್ದಂತೆ ಕಾಳು ಪುಟಕ್ಕನೆ ಹಾರುತ್ತದೆ. ದುಃಖದ ಸನ್ನಿವೇಶದಲ್ಲಿ ಎಷ್ಟೋ ಬಾರಿ ಖಳನಾಯಕನ ಮೂಗಿಗೆ ತಗುಲಿದ್ದೂ ಉಂಟು. ಅಂಥದೊಂದು ಮಧ್ಯಾಹ್ನ ಆ ಚಿತ್ರ ಬಂತು. ಹಿಮ ಬೀಳುವ ಒಂದೂರು, ಒಂದು ಕೆರೆ, ಕೆರೆಯ ದಡದಲ್ಲಿ ಬ್ರೆಡ್ಡಿನ ಅಂಗಡಿ. ಅದನ್ನು ನಡೆಸುವವರು ಇಬ್ಬರು ಹೆಂಗಸರು. ಒಬ್ಬಳು ಉದ್ದ, ಮತ್ತೊಬ್ಬಳು ದುಂಡು. ದುಂಡಗಿನವಳು ತೆಲುಗಿನಲ್ಲಿ ಉದ್ದನೆಯವಳನ್ನು “ಅಕ್ಕಾ” ಎಂದು ಕರೆದಳು. ಕೂಡಲೇ ಕೋಣೆಯ ಕಣ್ಣುಗಳೆಲ್ಲ ಪರದೆಯಿಂದ ನಮ್ಮ ಕಡೆ ತಿರುಗಿದವು.

“ಚೂಡಮ್ಮ, ನೋಡ್ರಮ್ಮ,” ಎಂದರು ಮುನಿರತ್ನಮ್ಮ, “ಥೇಟ್ ನೀವೇ ಅಲ್ವಾ?”

ಆಮೇಲೆ ಚಿತ್ರ ಮುಂದುವರಿದಂತೆ ಕೆಲವು ತೊಡಕುಗಳು ಎದುರಾದವು. ಅಕ್ಕ-ತಂಗಿಗೆ ಮನೆಯಲ್ಲಿ ಒಂದೇ ಮಂಚ. ಆ ಚಳಿ ದೇಶದಲ್ಲಿ ಇನ್ನೇನು ಮಾಡುತ್ತಾರೆಂದು ಮುನಿರತ್ನಮ್ಮನವರೇ ಸಮಾಧಾನ ಹೇಳಿದರು. ಹಬ್ಬದೂಟಕ್ಕೆ ಇಬ್ಬರ ತಾಯಂದಿರೂ ಬಂದರು, ಮತ್ತು ಅವರು ಬೇರೆ ಬೇರೆ ತಾಯಂದಿರು. ಮಾತು ಕೂರಿಸಿದವನು ಇದನ್ನು ಗಮನಿಸಿರಲಿಲ್ಲ. ಮುನಿರತ್ನಮ್ಮನವರು ಯೋಚಿಸಿ, ಆ ಅಪ್ಪನಿಗೆ ಇಬ್ಬರು ಹೆಂಡಿರಿರಬೇಕೆಂದೂ, ಸವತಿಯರಾದರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣುವುದು ಅವರ ದೊಡ್ಡತನವೆಂದೂ ತೀರ್ಪು ಕೊಟ್ಟರು. ಒಬ್ಬರು ಕಣ್ಣೊರೆಸಿಕೊಂಡರು. ಮಲತಾಯಿ ಮಕ್ಕಳು ಇಷ್ಟು ಹೊಂದಿಕೊಂಡಿರುವುದನ್ನು ನೋಡಿ, ಬಚ್ಚಲಿನ ಹಂಡೆಯ ವಿಷಯಕ್ಕೆ ತಮ್ಮಕ್ಕನೊಂದಿಗೆ ವರ್ಷಗಟ್ಟಲೆ ಮಾತು ಬಿಟ್ಟಿದ್ದ ಮುನಿರತ್ನಮ್ಮನವರು ಮರುವಾರವೇ ಕೈವಾರದ ಬಸ್ಸು ಹತ್ತಿ ಅಕ್ಕನನ್ನು ನೋಡಿಕೊಂಡು ಬಂದರು. ಒಂದು ಸುಳ್ಳು ಮಾತು ಎರಡು ಮನೆಗಳನ್ನು ಕೂಡಿಸಿತೆಂದರೆ ಅದನ್ನು ಸುಳ್ಳೆಂದು ಕರೆಯಲು ನನಗಾದರೂ ಹೇಗೆ ಮನಸ್ಸು ಬಂದೀತು? ಸುಳ್ಳೆಂಬುದಾದರೂ ಆಗ ನನಗೆಲ್ಲಿ ಗೊತ್ತಿತ್ತು?

ಅದು ಗೊತ್ತಾದದ್ದು ಬೇಸಿಗೆಯಲ್ಲಿ. ಪರೀಕ್ಷೆಯ ಪತ್ರಿಕೆಗಳನ್ನು ತಿದ್ದಲು ಬೆಂಗಳೂರಿಗೆ ಹೋಗಿ ಸಹೋದ್ಯೋಗಿಯೊಬ್ಬರ ನೆಂಟರ ಮನೆಯಲ್ಲಿ ಉಳಿದಿದ್ದೆ. ಸಂಜೆ ಊಟಕ್ಕೆ ಮೊದಲು ಅವರ ಟೀವಿಯಲ್ಲಿ ಅದೇ ಕೆರೆ, ಅದೇ ಹಿಮ, ಅದೇ ಬ್ರೆಡ್ಡು ಕಾಣಿಸಿತು. ಪರವೂರಿನಲ್ಲಿ ನಮ್ಮೂರಿನ ಬಸ್ಸು ಕಂಡಷ್ಟು ಸಂತೋಷವಾಯಿತು. ಈ ಸಲ ಮೂಲದ ಇಂಗ್ಲಿಷು, ಕೆಳಗೆ ಅಕ್ಷರಗಳು. ನಮ್ಮ ತೆಲುಗಿನ ಚಿತ್ರದಲ್ಲಿ ಹಬ್ಬದೂಟದಿಂದ ಥಟ್ಟನೆ ಮರುದಿನದ ಬೆಳಗಿಗೆ ಹಾರುತ್ತಿದ್ದ ಕಡೆ ಇಲ್ಲಿ ಇನ್ನೊಂದಿಷ್ಟು ಇತ್ತು. ದುಂಡಗಿನವಳ ತಾಯಿ, ಇವಳನ್ನು ನೆಂಟರಿಗೆ ನಿನ್ನ ಗೆಳತಿ ಎಂದು ಪರಿಚಯಿಸಲೇ ಎಂದು ಕೇಳುತ್ತಾಳೆ. ಮಗಳು ಮೇಜಿನ ಮೇಲಿದ್ದ ಆ ಉದ್ದನೆಯ ಕೈಯನ್ನು ಹಿಡಿದುಕೊಂಡು, ಇವಳು ನಾನು ಪ್ರೀತಿಸುವವಳು, ನಾನು ಬಾಳುತ್ತಿರುವುದು ಇವಳ ಜತೆ, ಹಾಗೆಂದೇ ಪರಿಚಯಿಸು ಎನ್ನುತ್ತಾಳೆ. ತೆಲುಗಿನವರು ‘ಅಕ್ಕ’ನನ್ನು ಕೂರಿಸಿದ್ದ ತುಟಿಯ ಮೇಲೆ ಇಲ್ಲಿ ಬೇರೆಯೇ ಮಾತಿತ್ತು.

ಆ ಮನೆಯವರು, ಈಗ ಇಂಥವೇ ಫ್ಯಾಷನ್ನು, ಎಲ್ಲ ದೇಶಕ್ಕೂ ಚೆನ್ನಾಗಿ ಮಾರಾಟವಾಗುತ್ತವಂತೆ ಎಂದು ಸಹಜವಾಗಿ ಹೇಳಿ ಚಪಾತಿಗೆ ಹಿಟ್ಟು ಕಲಸಲು ಎದ್ದರು. ನಾನು ಕೆಂಪು ಮಸಿ ಅಂಟಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕುಳಿತೆ. ಈವರೆಗೆ ನಮ್ಮ ಕಡೆಯ ಚಿತ್ರಗಳಲ್ಲಿ ಇಂಥವರೆಂದರೆ ಸೊಂಟ ಬಳುಕಿಸಿ ಬರುವ, ಎಲ್ಲರ ನಗೆಗೆ ಗುರಿಯಾಗುವ ಒಬ್ಬ ಗಂಡಸು ಮಾತ್ರ. ಇಬ್ಬರು ಹೆಂಗಸರಿಗೆ ಆ ನಗೆಯ ಪಾಲೂ ಇರಲಿಲ್ಲ. ಈಗ ನೋಡಿದರೆ ಲೋಕದ ಪೇಟೆಯಲ್ಲಿ ನಮ್ಮಂಥವರಿಗೂ ಒಂದು ಅಂಗಡಿಯಿದೆ, ಹಲಗೆಯಿದೆ, ಗಿರಾಕಿಗಳಿದ್ದಾರೆ. ಸಂತೋಷಪಡಬೇಕಿತ್ತು. ನನಗಾದದ್ದು ಮಾತ್ರ ತುಂಬಿದ ಸಂತೆಯಲ್ಲಿ ಪರಿಚಯದ ಮುಖವೊಂದನ್ನೂ ಕಾಣದವಳ ಒಂಟಿತನ. ತಾವರೆಗೆ ಹತ್ತಾರು ಪರ್ಯಾಯಪದಗಳನ್ನು ಮಕ್ಕಳ ಬಾಯಿಗೆ ತುರುಕುವ ನಾನು, ವಿಮಲ ನನಗೆ ಏನಾಗಬೇಕು ಎಂದು ಹೇಳುವ ಒಂದೇ ಒಂದು ಮಾತನ್ನು ನನ್ನ ನುಡಿಯಲ್ಲಿ ನನಗಾಗಿ ಹುಡುಕಿಟ್ಟುಕೊಂಡಿರಲಿಲ್ಲ.

ಊರಿಗೆ ಬಂದು ವಿಮಲಳಿಗೆ ಎಲ್ಲವನ್ನೂ ಹೇಳಿದೆ. ಮಹಾ ರಹಸ್ಯವೊಂದನ್ನು ಒಡೆಯುವವಳ ಗಾಂಭೀರ್ಯ ನನ್ನದು. ಅವಳು ಕೊತ್ತಂಬರಿ ಸೋಸುತ್ತಿದ್ದವಳು ತಲೆಯನ್ನೂ ಎತ್ತಲಿಲ್ಲ.

“ನಂಗೆ ಮೊದಲ ದಿನವೇ ಗೊತ್ತಾಯ್ತು ಕಣೇ. ಅಕ್ಕ-ತಂಗೀರು ಅಷ್ಟು ಸಮಾಧಾನವಾಗಿ ಒಂದೇ ಬಚ್ಚಲುಮನೇನ ಹಂಚ್ಕೋತಾರಾ?”

ಹಾಗಿದ್ದರೆ ನನಗೇಕೆ ಹೇಳಲಿಲ್ಲವೆಂದು ಸ್ವಲ್ಪ ಮುನಿಸಿನಿಂದಲೇ ಕೇಳಿದೆ. ನೀನು ಕನ್ನಡ ಮೇಡಮ್ಮು, ಮಾತು ನಿನ್ನ ಖಾತೆ, ಚಿಟ್ಟೆಗಳದ್ದು ಮಾತ್ರ ನನ್ನದು ಎಂದು ನಕ್ಕುಬಿಟ್ಟಳು.

ಆ ನಗೆಯ ಬಿಸಿ ಆರುವ ಮೊದಲೇ ಅವಳಣ್ಣ ಸೀನಣ್ಣ ಗೌರಿಬಿದನೂರಿನಿಂದ ಮಾವಿನಹಣ್ಣಿನ ಚೀಲದೊಂದಿಗೆ ಬಂದರು. ಒಳ್ಳೆಯ ಮನುಷ್ಯ. ತೊಂಡೇಬಾವಿಯ ಹತ್ತಿರದ ಊರಿನವರು, ಗೌರಿಬಿದನೂರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ನನ್ನನ್ನು ‘ಅಕ್ಕಾವ್ರೆ’ ಎನ್ನುತ್ತಾರೆ. ಮದುವೆಯಾಗದ ತಂಗಿಗೆ ಪ್ರತಿ ಗೌರಿ ಹಬ್ಬಕ್ಕೂ ಬಳೆ, ಅರಿಶಿನ-ಕುಂಕುಮ, ರವಿಕೆ ಕಣ ತರುವಾಗ ನನಗೂ ಒಂದು ಕಣ ತರುವುದನ್ನು ಮರೆತವರಲ್ಲ. ಊಟಕ್ಕೆ ಕೂತಾಗ ಬಂದ ಕಾರಣ ಹೇಳಿದರು. ಹೊಸ ಮನೆ ಕಟ್ಟಿದ್ದಾರೆ, ಮಹಡಿಯ ಮೇಲೆ ವಿಮಲಳಿಗೆಂದೇ ಒಂದು ಕೋಣೆ, ಕಿಟಕಿ ತೆಗೆದರೆ ಗಾಳಿ. ಅಲ್ಲಿನ ರೇಷ್ಮೆ ಕಚೇರಿಯಲ್ಲಿ ಜಾಗ ಖಾಲಿಯಿದೆ, ಹೊಸ ಜಿಲ್ಲೆಯಾದ ಮೇಲೆ ವರ್ಗವೂ ಸುಲಭ, ಇವಳು ಒಂದು ಮಾತು ಕೇಳಿಕೊಂಡರೆ ಸಾಕು. ವಯಸ್ಸಾಗುತ್ತಾ ಬಂತು, ನಾಳೆ ಮಂಡಿ ನೋವೆಂದರೆ ಬಾಡಿಗೆ ಮನೆಯಲ್ಲಿ ಯಾರಿದ್ದಾರೆ ಎಂದು ಅವರು ಕೇಳಿದಾಗ, ನಾನು ಅವರ ತಟ್ಟೆಗೆ ಸಾರು ಬಡಿಸುತ್ತಾ ಅಲ್ಲೇ ಇದ್ದೆ.

ಮಾವಿನಹಣ್ಣಿನ ಪಾಲು ತೆಗೆದುಕೊಳ್ಳಲು ಬಂದಿದ್ದ ಮುನಿರತ್ನಮ್ಮನವರು ಬಾಗಿಲಲ್ಲೇ ನಿಂತು ನಮ್ಮ ಪರವಾಗಿ ವಕಾಲತ್ತು ಹಿಡಿದರು. ಅಕ್ಕ-ತಂಗೀನ ಅಗಲಿಸಬಾರದು ಎಂದರು. ಹಿಮದೂರಿನ ಕತೆಯನ್ನು ಮೊದಲಿನಿಂದ ಹೇಳಿ, ಮಲತಾಯಿ ಮಕ್ಕಳಾದರೂ ಹೇಗಿದ್ದಾರೆ ನೋಡಿ ಎಂದು ಉದಾಹರಿಸಿದರು. ಸೀನಣ್ಣ ಗೌರವದಿಂದ ಕೇಳಿಸಿಕೊಂಡು, ನಕ್ಕು, ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟರು.

“ಅದೆಲ್ಲಾ ಸರಿ ಕಣಮ್ಮ. ಅಕ್ಕನ ಥರ ಅಂತೀರಿ, ನಾನು ಇಲ್ಲ ಅನ್ನಲ್ಲ. ಆದ್ರೆ ಥರ ಅನ್ನೋದು ಬೇರೆ, ಒಡಹುಟ್ಟಿದೋನು ಅನ್ನೋದು ಬೇರೆ. ನಾನು ಇರೋವಾಗ ಇವಳು ಇನ್ನೊಬ್ಬರ ಮನೇಲಿ ಯಾಕಿರಬೇಕು?”

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಸಾಧ್ಯವಾಗಲಿಲ್ಲ, ತಿದ್ದುವುದೇ ನನ್ನ ವೃತ್ತಿಯಾದರೂ. ಹನ್ನೆರಡು ವರ್ಷ ನಮಗೆ ಚಾವಣಿಯಾಗಿದ್ದ ಆ ಸಂಬಂಧ ಎಷ್ಟು ತೆಳುವಿನದೆಂದು ಆಗ ಕಂಡಿತು. ಅಕ್ಕತನವೇ ಅಳತೆಯಾದರೆ ರಕ್ತ ಹಂಚಿಕೊಂಡ ಅಣ್ಣನ ಮುಂದೆ ನಾನು ಯಾವ ಲೆಕ್ಕ? ಬೀದಿಯವರು ಪ್ರೀತಿಯಿಂದಲೂ ಪರದೇಶದ ವ್ಯಾಪಾರಿಗಳು ಲಾಭಕ್ಕಾಗಿಯೂ ಕೂರಿಸಿದ್ದು ‘ಅಕ್ಕ’ ಎಂಬ ಅದೇ ಮಾತು; ಅದು ಕೂರಿಸಿದ ಮಾತೇ ಹೊರತು ನಮ್ಮ ಬಾಯಿಂದ ಬಂದದ್ದಲ್ಲ. ಸುಮ್ಮನಿದ್ದರೆ ವಿಮಲ ಹೋಗುತ್ತಾಳೆ. ಅಣ್ಣನ ಮಾತು ತೆಗೆದುಹಾಕಿ ಅಭ್ಯಾಸವಿಲ್ಲದವಳು, ಒಲ್ಲದ ಮನಸ್ಸಿನಿಂದಲೇ ಹೋಗುತ್ತಾಳೆ. ನಾನು ಸಾರಿನ ಪಾತ್ರೆಯನ್ನು ಕೆಳಗಿಟ್ಟೆ.

“ನಾನು ವಿಮಲನ ಅಕ್ಕ ಅಲ್ಲ ಸೀನಣ್ಣ,” ಎಂದೆ. “ಅಕ್ಕನ ಥರಾನೂ ಅಲ್ಲ.”

“ಮತ್ತೆ?” ಎಂದರು ಅವರು, ನಿಜವಾಗಿಯೂ ತಿಳಿಯದೆ.

ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ತುಟಿ ತೆರೆದಿತ್ತು, ಮಾತು ಕೂರಿಸುವವರು ಯಾರೂ ಇರಲಿಲ್ಲ. ವಿಮಲ ಎಂಜಲು ಕೈಯನ್ನು ತಟ್ಟೆಯ ಅಂಚಿಗೆ ಒರೆಸಿ ಅಣ್ಣನ ಮುಖ ನೋಡಿದಳು.

“ಅಣ್ಣ, ಇದು ಇನ್ನೊಬ್ಬರ ಮನೆ ಅಲ್ಲ, ನನ್ನ ಸಂಸಾರ. ಅವಳಿಲ್ಲದ ಮನೆಗೆ ನಾನು ಬರಲ್ಲ. ರೂಮು ಎಷ್ಟು ಚೆನ್ನಾಗಿದ್ರೂ ಬರಲ್ಲ.”

ಸೀನಣ್ಣ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಒಳಗಿನ ಕೋಣೆಯ ಕಡೆ ನೋಡಬಾರದೆಂದು ನಿರ್ಧರಿಸಿ ನೆಲ ನೋಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ಉತ್ತರ ಕೊಡಬಹುದಿತ್ತು. ಕೈ ತೊಳೆದು, ಮಂಚೇನಹಳ್ಳಿಯಲ್ಲಿ ಯಾರನ್ನೋ ನೋಡಬೇಕು, ಬಸ್ಸಿಗೆ ಹೊತ್ತಾಯಿತು ಎಂದು ಚಪ್ಪಲಿ ಮೆಟ್ಟಿದರು. ಮುನಿರತ್ನಮ್ಮನವರು ಮಾವಿನಹಣ್ಣನ್ನು ಮರೆತು ಬರಿಗೈಯಲ್ಲಿ ಹೋದರು.

ಅದಾದ ಮೇಲೆ ನಮಗೆ ಯಾರೂ ಕೇಡು ಮಾಡಲಿಲ್ಲ, ಅಷ್ಟನ್ನು ಸ್ಪಷ್ಟವಾಗಿ ಹೇಳಬೇಕು. ಮುನಿರತ್ನಮ್ಮನವರು ಮನೆ ಬಿಡಿ ಎನ್ನಲಿಲ್ಲ. ನಲ್ಲಿ ಬಂದರೆ ಈಗಲೂ ಕಿಟಕಿ ತಟ್ಟುತ್ತಾರೆ. ಕರಿಬೇವನ್ನು ಮಾತ್ರ ಕೈಗೆ ಕೊಡದೆ ಕಾಂಪೌಂಡಿನ ಗೋಡೆಯ ಮೇಲಿಟ್ಟು ಹೋಗುತ್ತಾರೆ. ಬೀದಿಯವರ ನಮಸ್ಕಾರ ಮೊದಲಿಗಿಂತ ನಯವಾಗಿದೆ. ಈ ನಯ ಎಷ್ಟು ಚಳಿಯದೆಂದು ಹಿಮದೂರಿನ ಆ ಇಬ್ಬರಿಗೆ ತಿಳಿದೀತು. ಅವರಿಗಾದರೋ ಕೊನೆಯ ದೃಶ್ಯದಲ್ಲಿ ಊರೆಲ್ಲ ಬಂದು ಬ್ರೆಡ್ಡು ಕೊಳ್ಳುತ್ತದೆ. ಮಾರಾಟವಾಗಬೇಕಾದ ಕತೆ ಹಾಗೆ ಮುಗಿಯದೆ ವಿಧಿಯಿಲ್ಲ. ನಮ್ಮದನ್ನು ಕೊಳ್ಳುವವರಿಲ್ಲದ ಕಾರಣ ಅದು ತನ್ನ ಪಾಡಿಗೆ ನಡೆಯುತ್ತಿದೆ.

ಈ ವರ್ಷದ ಗೌರಿ ಹಬ್ಬ ಮೊನ್ನೆ ಆಯಿತು. ವಿಮಲ ಬೆಳಗಿನಿಂದ ಮೂರು ಸಲ ಬಾಗಿಲಿಗೆ ಹೋಗಿ, ಮೂರು ಸಲವೂ ರಂಗೋಲಿ ನೋಡುವ ನೆಪ ಮಾಡಿದಳು. ಗೌರಿಬಿದನೂರಿನಿಂದ ಯಾರೂ ಬರಲಿಲ್ಲ. ಅವಳಿಗೆ ನಾನು ಪೇಟೆಯಿಂದ ಬಳೆ ತಂದೆ. ಅವಳು ತೊಟ್ಟುಕೊಂಡಳು, ಚೆನ್ನಾಗಿವೆ ಎಂದಳು, ಆದರೆ ಅಣ್ಣ ತರುವ ಬಳೆಯನ್ನು ಅಣ್ಣನೇ ತರಬೇಕು. ಅವಳ ಆ ಒಂಟಿತನಕ್ಕೆ ನಾನು ಔಷಧಿಯಲ್ಲ, ಕಾರಣ. ಇಬ್ಬರಿರುವ ಮನೆಯಲ್ಲಿ ಒಂಟಿತನ ಅರ್ಧವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ. ಅವಳದು ಅವಳಿಗೆ, ನನ್ನದು ನನಗೆ, ಒಂದೊಂದು ಪೂರ್ತಿ ಪಾಲು ಬಂತು. ಆದರೂ ಒಂದು ವ್ಯತ್ಯಾಸವುಂಟು. ಈಗ ಯಾರಾದರೂ ನಿಮ್ಮ ಮನೆಯಲ್ಲಿ ಯಾರ್ಯಾರು ಎಂದು ಕೇಳಿದರೆ ನಾನು ‘ನಾನು, ವಿಮಲ’ ಎಂದಷ್ಟೇ ಹೇಳುತ್ತೇನೆ. ಮುಂದೆ ಯಾವ ಸಂಬಂಧವನ್ನೂ ಅಂಟಿಸುವುದಿಲ್ಲ. ಕೇಳಿದವರು ಮುಂದಿನ ಮಾತಿಗಾಗಿ ಒಂದು ಕ್ಷಣ ಕಾಯುತ್ತಾರೆ. ನಾನೂ ಅವರ ಜತೆ ಆ ಕ್ಷಣವನ್ನು ಕಾಯುತ್ತೇನೆ. ಆಮೇಲೆ ಅವರು ಮಳೆಯ ವಿಷಯ ತೆಗೆಯುತ್ತಾರೆ.

ಈವತ್ತು ಗೋಡೆಯಾಚೆ ಬರುತ್ತಿದ್ದದ್ದು ಅದೇ ಚಿತ್ರ. ದುಂಡಗಿನವಳ ತೆಲುಗು ದನಿ ಕೇಳುತ್ತಲೇ ಗುರುತಾಯಿತು. ವಿಮಲ ಕನ್ನಡಕ ತೆಗೆದಿಟ್ಟು ಗೋಡೆಗೆ ಒರಗಿ ಕುಳಿತಳು, ನಾನೂ ಕುಳಿತೆ. ಮುನಿರತ್ನಮ್ಮನವರು ಕೂಗಲಿಲ್ಲ. ಹಬ್ಬದೂಟದ ಹೊತ್ತಿಗೆ ಅವರ ಟೀವಿಯ ಸದ್ದು ಒಮ್ಮೆಗೇ ಜೋರಾಯಿತು, ನಮ್ಮ ಕೋಣೆಯಲ್ಲೇ ಯಾರೋ ಮಾತಾಡುತ್ತಿರುವಷ್ಟು. ಅವರ ಕಿವಿ ಮಂದವಾಗುತ್ತಿರಬಹುದು. ಬೇರೇನೂ ಇರಬಹುದು. ನಾನು ಕೇಳಲು ಹೋಗಲಿಲ್ಲ. ಕತ್ತರಿಸಿದ ಜಾಗ ಬಂದಾಗ ಮಾತು ಹಬ್ಬದೂಟದಿಂದ ಥಟ್ಟನೆ ಮರುಬೆಳಗಿಗೆ ಹಾರಿತು. ಆ ಸಂದಿನಲ್ಲಿ ವಿಮಲ ತಿರುಗಿ ನನ್ನ ಮುಖ ನೋಡಿ, “ಇಲ್ಲೇ ಅಲ್ವೇನೇ?” ಎಂದಳು. ಇಲ್ಲೇ ಎಂದೆ.

ರಾತ್ರಿಗೆ ಬೆಳಗ್ಗೆ ಬಿಡಿಸಿಟ್ಟ ಸೊಪ್ಪಿನ ಬಸ್ಸಾರು, ಮುದ್ದೆ, ಹಬ್ಬದಲ್ಲಿ ಉಳಿದ ಎರಡು ಕರಿಗಡುಬು. ವಿಮಲ ಒಂದೂವರೆ ತಿಂದಳು, ಅರ್ಧ ನನಗೆ ಬಂತು. ಬೇಸಿಗೆಯಿಂದೀಚೆಗೆ ಅವಳು ನನಗೆ ನಿದ್ದೆ ಹತ್ತುವವರೆಗೂ ಚಾವಣಿ ನೋಡುತ್ತಾ ಮಲಗಿರುತ್ತಿದ್ದಳು. ಈವತ್ತು ನಾನು ದೀಪ ಆರಿಸಿ ಬರುವಷ್ಟರಲ್ಲಿ ಗೋಡೆಯ ಕಡೆ ಹೊರಳಿ, ಹೊಸ ಬಳೆಯ ಕೈಯನ್ನು ಕೆನ್ನೆಯಡಿ ಇಟ್ಟುಕೊಂಡು, ಅವಳೇ ಮೊದಲು ನಿದ್ದೆ ಹೋಗಿದ್ದಳು.